ಫೋನು ನುಂಗಿದ ಸ್ವರ

ತಾಳ್ಯದ ಹತ್ತಿರದ ಆ ಸರ್ಕಾರಿ ಶಾಲೆಗೆ ಸಿಕ್ಕಿದ್ದು ಒಂದೇ ಒಂದು ಅವಕಾಶ. ಒಂದು ಮಗು ಆಯ್ಕೆಯಾದರೆ ವರ್ಷವಿಡೀ ಆನ್‌ಲೈನಿನಲ್ಲಿ ಪುಕ್ಕಟೆ ಸಂಗೀತ ಪಾಠ. ಏಕಾಂತಮ್ಮ ಟೀಚರ್ ಮೂರನೇ ಕ್ಲಾಸಿನ ಚಿತ್ರಾಳನ್ನು ಆಯ್ಕೆಗೆ ನಿಲ್ಲಿಸಿದ್ದರು. ಕುರಿ ಕಾಯುವವರ ಮನೆಯ ಹುಡುಗಿ. ಬೀಳಿನಾಚೆ ಚದುರಿದ ಹಿಂಡನ್ನು ಒಂದೇ ಉಸಿರಿನಲ್ಲಿ ಕೂಗಿ ಕರೆಯುವುದನ್ನು ತಾತ ಮುದ್ದಣ್ಣನಿಂದ ಕಲಿತವಳು. ಅವಳು 'ಸಾ' ಹಿಡಿದರೆ ಹಿಡಿದದ್ದೇ, ಉಡದ ಪಟ್ಟು.

ಫೋನಿನ ಪರದೆಯಲ್ಲಿ ದುರ್ಗದ ಗುರುರಾಜ್ ಮೇಷ್ಟ್ರು ಕಾಣಿಸಿಕೊಂಡರು. ಆರಿಸುವವರು ಅವರೇ. ಚಿತ್ರಾ 'ಸಾ' ಎತ್ತಿದಳು.

"ಅರ್ಧಕ್ಕೇ ಕಡಿದು ಹೋಯ್ತಲ್ಲ ಮಗೂ," ಎಂದರು ಅವರು. "ದನಿ ನಿಲ್ತಾ ಇಲ್ಲ. ಇನ್ನೊಂದ್ಸಲ."

ಮತ್ತೆ ಎತ್ತಿದಳು. ಮತ್ತೆ ಅದೇ ಮಾತು.

ಪಕ್ಕದಲ್ಲೇ ನಿಂತಿದ್ದ ಏಕಾಂತಮ್ಮನ ಕಿವಿಗೆ ಸ್ವರ ಎಲ್ಲೂ ಕಡಿದಿರಲಿಲ್ಲ. ಆದರೆ ಏನು ಹೇಳುವುದು! ಹದಿನೆಂಟು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ತಮ್ಮ ಕಿವಿಯನ್ನು ಬಿಟ್ಟು ಆ ಅಂಗೈಯಗಲದ ಫೋನನ್ನು ನಂಬಿಬಿಟ್ಟರು.

"ಲೇ, ಯಾಕಿಂಗೆ ಎಳೀತೀಯ? ಇದೇನು ಕುರಿ ಕರೆಯೋದಾ?" ಎಲ್ಲ ಮಕ್ಕಳ ಎದುರಿಗೇ ಗದರಿದರು. "ಸ್ವಲ್ಪ ಹಾಡು, ನಿಲ್ಸು. ಸ್ಕೂಲಿನ ಮಾನ ಕಳೀಬೇಡ."

ಮಕ್ಕಳು ಕಿಸಕ್ಕನೆ ನಕ್ಕವು. ಚಿತ್ರಾ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿದಳು.

ಅಷ್ಟರಲ್ಲಿ, ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಪಕ್ಕದ ಕ್ಲಾಸಿನ ಪ್ರದೀಪ್ ಮೇಷ್ಟ್ರು ಓಡಿಬಂದರು. "ಮೇಡಂ, ಹುಡುಗೀದೇನೂ ತಪ್ಪಿಲ್ಲ ಕಣ್ರಿ! ಫ್ಯಾನಿನ ಗದ್ದಲ ಅಡಗ್ಸಾಕೆ ಅಂತ ಇದ್ರಾಗೆ ಒಂದು ಸೆಟ್ಟಿಂಗ್ ಐತೆ. ಎಳೆದು ಹಾಡಿದ್ರೆ ಅದನ್ನೂ ಗದ್ದಲ ಅಂತ್ಲೇ ತಿಳ್ಕಂಡು ನುಂಗಿಬಿಡ್ತೈತೆ." ಬೆರಳಾಡಿಸಿ ಅದನ್ನು ಆಫ್ ಮಾಡಿದರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು ಏಕಾಂತಮ್ಮನಿಗೆ. "ಸರ್, ತಪ್ಪು ಫೋನಿಂದು. ಇನ್ನೊಂದೇ ಸಲ ಕೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಆಯ್ತು, ಇದೇ ಕೊನೇದು. ಹೊಸದುರ್ಗದ ಮಕ್ಕಳು ಕಾಯ್ತಾ ಅವೆ," ಎಂದರು ಗುರುರಾಜ್ ಮೇಷ್ಟ್ರು.

ಏಕಾಂತಮ್ಮ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅವಳ ಗಲ್ಲ ಹಿಡಿದರು. "ನಿಂದಲ್ಲ ಕಣವ್ವ, ತಪ್ಪು ನಂದು. ನಿಮ್ಮ ತಾತ ಹೇಳಿಕೊಟ್ಟಂಗೇ ಹಾಡು. ಎಷ್ಟು ಬೇಕೋ ಅಷ್ಟು ಎಳಿ." ಚಿತ್ರಾ ಹೂಂಗುಟ್ಟಿದಳು.

'ಸಾ' ಎತ್ತಿದಳು. ಪರದೆಯಲ್ಲಿ ಗುರುರಾಜ್ ಮೇಷ್ಟ್ರ ಹುಬ್ಬು ಮೇಲೇರಿತು. ಬರೆಯುತ್ತಿದ್ದ ಕೈ ನಿಂತಿತು. ಕೇಳುತ್ತಿದೆ, ಪೂರ್ತಿ ಕೇಳುತ್ತಿದೆ! ಏಕಾಂತಮ್ಮ ಹಲ್ಲು ಕಚ್ಚಿ ಉಸಿರು ಬಿಗಿಹಿಡಿದರು. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ.

ಹುಡುಗಿ ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ. ಟೀಚರ್ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಬಿಗಿದದ್ದು ಕಂಡದ್ದೇ ತಡ, ಸ್ವರವನ್ನು ಪಟ್ಟನೆ ನಿಲ್ಲಿಸಿಬಿಟ್ಟಳು.

"ಇಷ್ಟು ಸಾಕಾ, ಟೀಚರ್?"