ಡೋಲಿನೊಳಗಿನ ಜವೆ

ಗೊಂಡರ್ ಸೀಮೆಯ ನಮ್ಮ ಚರ್ಚಿನ ವಸ್ತುಸಂಗ್ರಹಾಲಯದಲ್ಲಿ ಇಲಿಗಳು ದಾವೀದನ ಕೀರ್ತನೆಗಳ ಚರ್ಮಗ್ರಂಥವನ್ನು ಕಡಿದುಹಾಕಿದ್ದು ಮಹೋಪವಾಸದ ನಡುವೆ. ಬೀಗದ ಕೈ ಇದ್ದದ್ದು ಇಬ್ಬರಲ್ಲಿ ಮಾತ್ರ: ಗ್ರಂಥಗಳ ಪಾಲಕರೂ ಪ್ರಾರ್ಥನೆಯ ಹಳೆಯ ಭಾಷೆಯಾದ ಗೀಜ್‌ನ ಬೋಧಕರೂ ಆದ ಲಿಸಾನೆವೆರ್ಕ್, ಮತ್ತು ನೆಲ ಗುಡಿಸುವ ಮುದುಕಿ ತಿರುನೇಶ್.

ಲಿಸಾನೆವೆರ್ಕರ ನಿಷ್ಠೆ ಊರಿಗೇ ಮಾದರಿ. ಉಪವಾಸದ ದಿನ ಹೊತ್ತು ಇಳಿಯುವ ತನಕ ಹನಿ ನೀರನ್ನೂ ಮುಟ್ಟಬಾರದೆಂದು ಬೋಧಿಸುತ್ತಿದ್ದವರು. ಕಾಯಿಲೆಯವರು ವಿನಾಯಿತಿ ಬೇಡಿದರೂ ಮುಖ ತಿರುಗಿಸುತ್ತಿದ್ದವರು. ಗುಡಿಸುವವಳು ಒಳಗೆ ಕೂತು ತಿನ್ನುತ್ತಾಳೆ, ಆ ಎಂಜಲಿಗೇ ಇಲಿ ಸೇರಿವೆ, ಅವಳನ್ನು ಕೆಲಸದಿಂದ ಬಿಡಿಸಬೇಕು ಎಂದು ದೂರು ಕೊಟ್ಟವರೂ ಅವರೇ.

ಹಿರಿಯ ಪಾದ್ರಿ ಅಬ್ಬಾ ಹಬ್ತೆ ಇಬ್ಬರನ್ನೂ ಒಳಗೆ ಕರೆದೊಯ್ದರು. ಉಪವಾಸಕಾಲದಲ್ಲಿ ಬಾರಿಸುವಂತಿಲ್ಲವಾದ್ದರಿಂದ ಮೂಲೆಗಿಟ್ಟಿದ್ದ ದೊಡ್ಡ ಡೋಲಿನ ಚರ್ಮದಲ್ಲಿ ತೂತು ಕಂಡಿತು. ಅದನ್ನು ಓರೆಮಾಡಿದರು. ಇಲಿಯೊಂದು ಚಿಮ್ಮಿ ಓಡಿತು. ಹಿಂದೆಯೇ ಗ್ರಂಥದ ಚೂರುಗಳೊಡನೆ ಹುರಿದ ಜವೆಗೋಧಿ ಸರಸರನೆ ನೆಲಕ್ಕೆ ಸುರಿಯಿತು.

ಇದೇನೆಂದು ಅಬ್ಬಾ ಮುದುಕಿಯನ್ನು ಕೇಳಿದರು.

“ನನ್ನ ಕೇಳ್ತೀರಾ ಅಬ್ಬಾ? ಬಾಯಲ್ಲಿ ಒಂದೂ ಹಲ್ಲಿಲ್ಲ. ಇಂಜೆರಾ ರೊಟ್ಟೀನೇ ಸಾರಲ್ಲಿ ನೆನೆಸಿ ನುಂಗೋಳು ನಾನು. ಇದನ್ನ ಕಡಿಯೋಕೆ ಇಲಿ ಹತ್ರಾನೇ ಹಲ್ಲು ಕೇಳಿ ತರ್ಬೇಕು.”

ಅಬ್ಬಾ ನಗಲಿಲ್ಲ. ಅವರ ದೃಷ್ಟಿ ಮೆಲ್ಲನೆ ಲಿಸಾನೆವೆರ್ಕರತ್ತ ಸರಿಯಿತು. ಈ ಬೋಧಕರ ಮುಪ್ಪಿನ ಹೊಟ್ಟೆ ಉಪವಾಸದಲ್ಲಿ ಬೆಳಗಿನ ಹೊತ್ತು ಸಂಕಟಪಡುತ್ತಿತ್ತು. ತಮ್ಮ ಆತ್ಮಗುರುವನ್ನು ಕೇಳಿದ್ದರೆ ಅನುಮತಿ ಒಡನೆ ಸಿಗುತ್ತಿತ್ತು. ಕೇಳಲು ನಾಲಗೆ ಏಳದೆ, ಪವಿತ್ರ ಗ್ರಂಥಗಳ ಮರೆಯಲ್ಲಿ ಕಾಳು ಜಗಿದಿದ್ದರು. ಉದುರಿದ್ದನ್ನು ಇಲಿಗಳು ಡೋಲಿಗೆ ಸಾಗಿಸಿದ್ದವು.

ಲಿಸಾನೆವೆರ್ಕರ ಇಳಿದ ಮುಖ ಕಂಡು ತಿರುನೇಶಳ ದನಿ ತಗ್ಗಿತು. ಇಲಿಗಳೇ ಹೊರಗಿನಿಂದ ಹೊತ್ತು ತಂದಿರಬಹುದು, ಪಕ್ಕದಲ್ಲೇ ಕಾಳು ಹುರಿಯುವವರ ಮನೆಯಿದೆ ಎಂದಳು. ಹಾಗೂ ಇರಬಹುದೆಂದು ಅಬ್ಬಾ ಬಾಗಿಲತ್ತ ತಿರುಗಿದರು. ತಪ್ಪಿಸಿಕೊಳ್ಳಲು ದಾರಿ ತೆರೆದಿತ್ತು. ತಾವು ದೂರಿದ್ದವಳೇ ತೆರೆದ ದಾರಿ ಅದು. ಅದರಲ್ಲಿ ನಡೆಯಲು ಲಿಸಾನೆವೆರ್ಕರ ಕಾಲು ಬರಲಿಲ್ಲ.

ಅಂಗಳಕ್ಕಿಳಿದು, ಗೋಡೆಯ ಬುಡದ ಕಲ್ಲೊಂದನ್ನೆತ್ತಿ ಕತ್ತಿನ ಮೇಲಿಟ್ಟುಕೊಂಡರು. ಕ್ಷಮೆ ಬೇಡುವವನು ನಮ್ಮಲ್ಲಿ ಹಾಗೆಯೇ ನಿಲ್ಲಬೇಕು. ನೊಂದವರು ಬಿಟ್ಟೆನೆನ್ನುವ ತನಕ ಇಳಿಸುವಂತಿಲ್ಲ. ಪ್ರಾರ್ಥನೆಗೆ ಬಂದವರೆಲ್ಲ ನೋಡುತ್ತಿದ್ದಂತೆ ಅವರು ಮುದುಕಿಯ ಮುಂದೆ ಬಾಗಿದರು.

“ಜವೆ ನಂದು, ತಿರುನೇಶಮ್ಮ. ದಿನಾ ತಿಂದೆ. ತಪ್ಪನ್ನ ನಿಮ್ಮ ಮೇಲೆ ಹಾಕಿದೆ.”

“ಬಿಟ್ಟಿದೀನಿ, ಇಳಿಸಿ ಗುರುಗಳೇ,” ಎಂದಳು ಅವಳು, ಕಲ್ಲಿಗೆ ತಾನೂ ಕೈಕೊಟ್ಟು. “ಖಾಲಿ ಹೊಟ್ಟೇಲಿ ಇಷ್ಟು ಭಾರ ಹೊರಬಾರದು.”

ಸುತ್ತ ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಕಲ್ಲು ನೆಲಕ್ಕಿಳಿದ ಮೇಲೂ ಅವರ ಕತ್ತು ಮೇಲೇಳಲಿಲ್ಲ.