ಹೆಸರಿನ ಪಕ್ಕದ ಕಠಾರಿ

ಪುತ್ತೂರಿನ ಆ ಕಾಲೇಜಿನ ಅಡಿಕೆ ರೋಗದ ಪ್ರಯೋಗಾಲಯದಲ್ಲಿ ಪ್ರಬಂಧಗಳು ಪೆನ್‌ಡ್ರೈವಿನಲ್ಲಿ ಅಲೆಯುವುದು ನಿಂತು ಹೋಗಿತ್ತು. ಓದುವುದೂ ಬರೆಯುವುದೂ ಈಗ ಗಿಟ್ ಎಂಬ ತಂತ್ರಾಂಶದಲ್ಲಿ. ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲೂ ಒಂದೊಂದು ಪ್ರತಿ. ತಿದ್ದಿದ್ದನ್ನು ಎಲ್ಲರಿಗೂ ಸೇರಿದ ಮೂಲಪ್ರತಿಗೆ ಕಳಿಸಬೇಕು. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆ ತಿದ್ದಿದರೆ ಅದು ಹಟಮಾರಿ ಎಮ್ಮೆಯ ಹಾಗೆ ನಿಂತು, ಯಾರದ್ದನ್ನು ಇಡಲಿ ಎಂದು ಕೇಳುತ್ತದೆ. ಅದನ್ನು ಓದಿ ಉತ್ತರಿಸುವ ಪುಣ್ಯಾತ್ಮರು ಅಲ್ಲಿ ಯಾರೂ ಇರಲಿಲ್ಲ. ಅಲ್ಪವಿರಾಮದ ಜಗಳಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ‘ನನ್ನದೇ ಇರಲಿ’ ಎಂದು ಒತ್ತಿ ಚಹಾಕ್ಕೆ ಹೋಗುವುದೇ ವಾಡಿಕೆ.

ಸುರಕ್ಷಾ ಅಂದು ಬೆಳಿಗ್ಗೆ ಒತ್ತಿದ್ದೂ ಹಾಗೆಯೇ. ಎಲೆಚುಕ್ಕಿ ರೋಗದ ಬಗ್ಗೆ ಅವಳೂ ಜೊತೆಗಾರ ರಿಜೋನೂ ಸೇರಿ ಬರೆಯುತ್ತಿದ್ದ ಪ್ರಬಂಧ ಅದು. ಕಳಿಸಿದ ಮೇಲೆ ಮೊದಲ ಪುಟ ತೆರೆದಳು. ರಿಜೋನ ಹೆಸರಿನ ಪಕ್ಕ ಪುಟ್ಟ ಕಠಾರಿಯ ಗುರುತು. ಪುಟದ ಅಡಿಯಲ್ಲಿ ಅದರ ವಿವರಣೆ: ‘ಪ್ರಬಂಧ ಪ್ರಕಟವಾಗುವ ಮೊದಲೇ ನಿಧನರಾದರು.’

ಅವಳು ಹಾಕಿದ್ದಲ್ಲ. ಗಿಟ್ ಹಳೆಯದನ್ನು ಮರೆಯುವುದಿಲ್ಲವಲ್ಲ, ರಿಜೋ ಕಳಿಸಿದ್ದ ಪ್ರತಿಯನ್ನು ತೆಗೆದು ನೋಡಿದಳು. ಅಲ್ಲಿ ರಿಜೋನ ಹೆಸರು ಬರಿದಾಗಿತ್ತು. ಕಠಾರಿ ಇದ್ದದ್ದು ಸುರಕ್ಷಾಳ ಹೆಸರಿಗೆ. ಬೆಳಿಗ್ಗೆ ಅವಳು ಓದದೆ ‘ನನ್ನದೇ ಇರಲಿ’ ಎಂದು ಒತ್ತಿದ್ದು ಈ ಸಾಲಿಗೇ.

ಗುರುತನ್ನೇ ಅಳಿಸಿ ಕಳಿಸಿದಳು. ಮತ್ತೆ ತೆರೆದರೆ ರಿಜೋನ ಹೆಸರಿನ ಪಕ್ಕ ಅದು ಮೊದಲಿನಂತೆಯೇ ಕೂತಿತ್ತು. ಇನ್ನೊಮ್ಮೆ ಅಳಿಸಿದರೂ ಅಷ್ಟೇ. ವಿಜ್ಞಾನ ಓದಿದವಳಿಗೆ ಹೆದರಿಕೆ ಎಂತದ್ದು ಎಂದು ತನ್ನನ್ನೇ ಗದರಿಸಿಕೊಂಡಳು. ಆದರೆ ರಿಜೋ ಅಂದು ಕಡಬದಲ್ಲಿ ಮಾವ ಆಂಟಣಿಯ ತೋಟದಲ್ಲಿದ್ದ. ಅಡಿಕೆ ಮರದ ತಲೆ ಮುಟ್ಟುವ ಉದ್ದದ ಕಾರ್ಬನ್ ಕೋಲಿನಿಂದ, ಅಂದರೆ ದೋಟಿಯಿಂದ, ಸೋಗೆ ಕೊಯ್ಯಲು ಹೋಗಿದ್ದ. ತೋಟದ ಮೇಲೆಯೇ ಕರೆಂಟಿನ ತಂತಿ ಹೋಗುತ್ತಿತ್ತು. ಅವಳು ಕೂಡಲೇ ಫೋನ್ ಮಾಡಿದಳು.

“ರಿಜೋ, ದೋಟಿ ಕೆಳಗೆ ಇಡು. ಮನೆಗೆ ಹೋಗು.”

“ಮರ್ಲಾ ನಿಂಗೆ? ತಲೆ ಸರಿ ಉಂಟಾ? ಈಗಷ್ಟೇ ಶುರು ಮಾಡಿದ್ದು.”

“ದಮ್ಮಯ್ಯ, ಇಡು ಮಾರಾಯ. ನಮ್ಮ ಪ್ರಬಂಧದ ಪೇಪರಲ್ಲಿ ನಿನ್ನ ಹೆಸರಿಗೆ ಸತ್ತವರ ಗುರುತು ಬಂದದೆ. ಅಳಿಸಿದ್ರೂ ಹೋಗುದಿಲ್ಲ.”

ಅವನ ಪ್ರತಿಯಲ್ಲಿ ಕಠಾರಿ ತನ್ನ ಹೆಸರಿಗಿದ್ದ ಸಂಗತಿಯನ್ನು ಅವಳು ಹೇಳಲಿಲ್ಲ. ಅವಸರವೋ, ಅದನ್ನು ಬಾಯಿಬಿಟ್ಟು ಹೇಳುವ ಹೆದರಿಕೆಯೋ.

ರಿಜೋ ದೋಟಿ ಕೆಳಗಿಟ್ಟು ನಗುತ್ತ ಅಂಗಳ ಹತ್ತಿದ್ದು, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದದ್ದು ಫೋನಿನಲ್ಲಿ ಕೇಳಿಸಿತು. “ಅದಕ್ಕೆ ಇಷ್ಟು ಗಲಾಟೆಯಾ? ನನ್ನ ಹತ್ರ ಇನ್ನೂ ಕಳಿಸದ ತಿದ್ದುಪಡಿ ಉಂಟು. ಹಾ, ಕೇಳ್ತಾ ಉಂಟು ನೋಡು, ಯಾರದ್ದು ಇಡುದು ಅಂತ. ನನ್ನದೇ ಇರಲಿ.”

“ರಿಜೋ, ಬೇಡ! ಮೊದಲು ಓದು!”

“ಒತ್ತಿಯೂ ಆಯ್ತು, ಕಳಿಸಿಯೂ ಆಯ್ತು.”

ಅಷ್ಟರಲ್ಲಿ ಫೋನಿನ ಆಚೆ ಏನೋ ಛಟೀರೆಂದು ಕಡಿದು ಬಿದ್ದ ಸದ್ದು. ಆಂಟಣಿಯ ಕೂಗು. ಸುರಕ್ಷಾ ರಿಜೋನ ಹೆಸರು ಹಿಡಿದು ಮತ್ತೆ ಮತ್ತೆ ಕೂಗಿದಳು. ಕೊನೆಗೆ ಅವನ ದನಿ ಬಂತು, ನಗು ಪೂರ್ತಿ ಇಳಿದಿತ್ತು.

“ತಂತಿ ಕಡಿದು ಬಿತ್ತು ಮಾರಾಯ್ತಿ. ನಾನು ನಿಂತಿದ್ದಲ್ಲಿಯೇ. ದೋಟಿಯ ಮೇಲೆಯೇ. ನೀನು ಫೋನ್ ಮಾಡದಿದ್ರೆ ನನ್ನ ಕಥೆ ಮುಗೀತಿತ್ತು.”

ಸುರಕ್ಷಾಳಿಗೆ ಅಳು ಬಂತು. ಅವನು ಉಳಿದನೆಂಬ ಸಂತೋಷ ಸುಳ್ಳಾಗಿರಲಿಲ್ಲ. ಕಣ್ಣೊರಸಿಕೊಂಡು ಪರದೆ ನೋಡಿದಳು. ರಿಜೋನ ಹೆಸರು ಬರಿದಾಗಿತ್ತು. ಕಠಾರಿ ಅಲ್ಲಿಂದ ದಾಟಿ ಅವಳ ಹೆಸರಿನ ಪಕ್ಕಕ್ಕೆ ಬಂದಿತ್ತು. ವಾಪಸು ತಿರುಗಿಸಲು ಒಂದು ಸಾಲು ಟೈಪ್ ಮಾಡಿದರೆ ಸಾಕು. ತಿರುಗಿಸಿದರೆ ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಈಗ ಗೊತ್ತಿತ್ತು. ಕೀಲಿಮಣೆಯ ಮೇಲಿದ್ದ ಬೆರಳುಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

“ನೋಡಿದ್ಯಾ?” ರಿಜೋ ಕೇಳಿದ. “ಪೇಪರ್ ಸರಿ ಆಯ್ತಲ್ಲ?”

“ಆಯ್ತು,” ಎಂದಳು ಸುರಕ್ಷಾ.