ಕೌದಿಯ ತೆರೆದ ಮೂಲೆ

ಬಿಟಿಎಂ ಲೇಔಟಿನ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಪಾರವ್ವ ಒಂದು ಪುಟ್ಟ ಕೌದಿಯನ್ನು ಮಡಚಿ ಮಗಳ ಮುಂದಿಟ್ಟಳು. ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಸಾಲುಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆ ಅದು. ಕೆಳಗಿನ ಮನೆಯ ಒಡತಿ ಮಂಗಮ್ಮನ ಮೊಮ್ಮಗನಿಗೆ ಅಂದು ನಾಮಕರಣ. ಅದಕ್ಕೆಂದೇ ಊರಿನಿಂದ ತಂದಿದ್ದಳು.

"ಇದನ್ನ ಕೊಡೂದು ಬ್ಯಾಡವ್ವ," ಎಂದಳು ಮಧುಮತಿ. "ಹಳೇ ಸೀರಿ ಹರದು ಕೊಟ್ರ ಏನ್ ತಿಳ್ಕೊಂಡಾರು? ನಾ ಹೊಸಾ ಬ್ಲ್ಯಾಂಕೆಟ್ ತಂದೀನಿ."

"ಕೂಸಿಗೆ ಹಳೇ ಅರಿವೀನ ಮೆತ್ತಗ. ನಾಕು ತಿಂಗಳ ಹೊಲದೀನಿ."

"ಇರಲಿ. ಅಲ್ಲಿ ನೀ ಮಾತಾಡಬ್ಯಾಡ ಮತ್ತ. ನಮ್ಮ ಮಾತು ಕೇಳಿದ್ರ ನಗತಾರ."

ನಗುತ್ತಾರೆಂಬುದು ಸುಳ್ಳೇನಲ್ಲ. ಮಧುಮತಿ ಕನ್ನಡಕದ ಅಂಗಡಿಯ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳ 'ಬರ್ರೀ', 'ಕುಂದರ್ರಿ'ಗಳನ್ನು ಜೊತೆಯವರು ಅಣಕಿಸಿದ್ದರು. ಆಮೇಲೆ ಅವಳು ಇಲ್ಲಿಯ ಮಾತನ್ನು ಎಷ್ಟು ನೀಟಾಗಿ ಕಲಿತಳೆಂದರೆ, ರೋಣದ ಕಡೆಯವಳೆಂದು ಒಬ್ಬ ಗಿರಾಕಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನೇ ದೊಡ್ಡ ಜಾಣತನವೆಂದುಕೊಂಡಿದ್ದಳು, ಪಾಪ.

ನಾಮಕರಣದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗುವಿಗೆ ವಿಶ್ರುತ್ ಎಂದು ಹೆಸರಿಟ್ಟರು. ಮಧುಮತಿ ಕೊಟ್ಟ ಬ್ಲ್ಯಾಂಕೆಟ್ಟು ಉಡುಗೊರೆಗಳ ರಾಶಿ ಸೇರಿತು. ಅಂಥವೇ ಮೂರು ಆಗಲೇ ಅಲ್ಲಿದ್ದವು.

"ಊರಿಂದ ಯಾವಾಗ ಬಂದ್ರಿ ಅಮ್ಮಾ?" ಮಂಗಮ್ಮ ಕೇಳಿದರು.

ಪಾರವ್ವ ಮಗಳ ಮುಖ ನೋಡಿದಳು.

"ಅಮ್ಮಂಗೆ ಗಂಟಲು ಕಟ್ಟಿದೆ ಆಂಟಿ, ಮಾತಾಡೋಕಾಗಲ್ಲ," ಎಂದುಬಿಟ್ಟಳು ಮಧುಮತಿ.

"ಅಯ್ಯೋ, ಇರಿ, ಒಂದು ಕಷಾಯ ಮಾಡ್ಕೊಂಡ್ ಬರ್ತೀನಿ."

ಅಷ್ಟು ಜನ ನೆಂಟರನ್ನು ಬಿಟ್ಟು ಮಂಗಮ್ಮ ಅಡುಗೆಮನೆಗೆ ಹೋದರು. ಮೆಣಸು, ಶುಂಠಿ ಜಜ್ಜಿ ಹಾಕಿದ ಕಷಾಯವನ್ನು ದೊಡ್ಡ ಲೋಟದ ತುಂಬ ತಂದರು. ಏನೂ ಆಗದ ಗಂಟಲಿಗೆ ಪಾರವ್ವ ಅದನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿದಳು. ಕಣ್ಣಲ್ಲಿ ನೀರು ಬಂದರೂ ತುಟಿ ಬಿಚ್ಚಲಿಲ್ಲ. ಮಗಳ ಸುಳ್ಳು ಉಳಿಯಬೇಕಲ್ಲ.

ಮಧುಮತಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸರಸರನೆ ಮಹಡಿ ಹತ್ತಿ ಹೋಗಿ ಕೌದಿ ತಂದಳು.

"ಅವ್ವನ ಗಂಟಲಿಗೆ ಏನೂ ಆಗಿಲ್ರೀ ಆಂಟಿ. ಮಾತಾಡಬ್ಯಾಡ ಅಂತ ನಾನ ಹೇಳಿದ್ದೆ. ಇದು ಕೂಸಿಗಂತ ಅಕಿ ಹೊಲಿದ ಕೌದಿ."

ಬಾಗಿಲ ಬಳಿ ನಿಂತಿದ್ದ ಇಬ್ಬರು ಹುಡುಗಿಯರು ಕಿಸಕ್ಕೆಂದರು. ಮಧುಮತಿಗೆ ಕೇಳಿಸಿತು. ಆದರೂ ಹೇಳಿದ್ದನ್ನು ಅವಳು ಇಲ್ಲಿಯ ಮಾತಿಗೆ ತಿದ್ದಿ ಹೇಳಲಿಲ್ಲ.

ಮಂಗಮ್ಮ ಪಾರವ್ವನ ಕಡೆ ತಿರುಗಿದರು. "ಅಲ್ಲಮ್ಮ, ಅಷ್ಟು ಖಾರ ಸುಮ್ನೆ ಯಾಕ್ ಕುಡಿದ್ರಿ?"

"ನೀವು ಮಾಡಿ ತಂದಿದ್ರಿ. ಒಲ್ಲೆ ಅನ್ನೂದು ಹ್ಯಾಂಗ್ರೀ?"

ಇಡೀ ಮನೆ ನಕ್ಕಿತು. ಈ ಸಲ ಪಾರವ್ವನೂ ನಕ್ಕಳು.

ಮಂಗಮ್ಮ ಕೌದಿ ಬಿಡಿಸಿ, ಹೊಲಿಗೆಯ ಮೇಲೆ ಕೈಯಾಡಿಸಿದರು. "ಎಷ್ಟ್ ಮೆತ್ತಗಿದೆ. ಈ ಮೂಲೇಲಿ ಹೊಲಿಗೆ ಮರೆತುಹೋಯ್ತಾ?"

"ಬೇಕಂತನ ಬಿಟ್ಟೀನ್ರೀ. ನಮ್ಮನ್ಯಾಗ ಕೌದಿ ಹೊಟ್ಟಿ ಖಾಲಿ ಇಡೂದಿಲ್ಲ. ಕೂಸಿನ ಮನೀ ಕಾಳು ನಾಕು ಹಾಕಿ ಬಾಯಿ ಹೊಲೀತೀವಿ."

ಮಂಗಮ್ಮ ಒಳಗಿನಿಂದ ಒಂದು ಚಿಟಿಕೆ ರಾಗಿ ತಂದು ಆ ಮೂಲೆಗೆ ತಾವೇ ಹಾಕಿದರು. ಪಾರವ್ವ ಸೊಂಟದ ಚೀಲದಿಂದ ಸೂಜಿದಾರ ತೆಗೆದಳು. ಕಷಾಯದ ಖಾರಕ್ಕೆ ಕಣ್ಣು ಇನ್ನೂ ಮಂಜಾಗಿತ್ತು. ಸೂಜಿಯನ್ನು ಮಗಳ ಕೈಗೆ ಕೊಟ್ಟಳು. ಮಧುಮತಿ ಎಲ್ಲರ ನಡುವೆ ನೆಲದ ಮೇಲೆ ಕುಳಿತು ಹೊಲಿಯತೊಡಗಿದಳು. ಎಷ್ಟೋ ದಿನಗಳ ಮೇಲೆ ಅವಳ ಮನಸ್ಸು ಹಗುರವಾಗಿತ್ತು.

ಕಿಸಕ್ಕೆಂದಿದ್ದ ಹುಡುಗಿಯರಲ್ಲೊಬ್ಬಳು ಹತ್ತಿರ ಬಂದು ಬಗ್ಗಿ ನೋಡಿದಳು. "ಅಕ್ಕ, ಈ ಹೊಲಿಗೆ ಹೇಗ್ ಹಾಕೋದು?"

ಮಧುಮತಿ ತಲೆಯೆತ್ತಿ, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬರ್ರೀ, ಇಲ್ಲೇ ಕುಂದರ್ರಿ. ತೋರಸ್ತೀನಿ."